ಕವಾಟ ಬದಲಾದ ಮೇಲೆ ಮತ್ತೆ ನೀರಿಗೆ

ಹರಿಹರದ ಹುಡುಗರಿಗೆ ಈಜು ಕಲಿಸುವುದು ತುಂಗಭದ್ರೆ, ದಾವಣಗೆರೆಯವರಿಗೆ ಭದ್ರಾ ನಾಲೆ. ಮನೆಯಲ್ಲಿ ಬೈಸಿಕೊಂಡೇ ಕಲಿತ ವಿದ್ಯೆ ಅದು. ಕಲಿತವರು ಐವತ್ತು ದಾಟಿದರೂ ನೀರು ಕಂಡರೆ ಅಂಗಿ ಬಿಚ್ಚುತ್ತಾರೆ. ಈಗಿನ ತಲೆಮಾರು ಇನ್ನೂ ಮುಂದೆ ಹೋಗಿದೆ. ಶನಿವಾರ ರಾತ್ರಿ ಗಾಡಿ ಮಾಡಿಕೊಂಡು ಶಿವಮೊಗ್ಗ, ಸಾಗರ ದಾಟಿ ಮುರುಡೇಶ್ವರ ಸೇರಿ, ಬೆಳಿಗ್ಗೆ ಬೋಟ್ ಹತ್ತಿ, ನೇತ್ರಾಣಿ ಗುಡ್ಡದ ಬಳಿ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿದು ಬರುತ್ತದೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲಂತೂ ನಮ್ಮ ಕರಾವಳಿಯ ನೀರಿನೊಳಗೆ ಏನಿದೆ ಎಂಬುದು ಮನೆಮನೆಗೆ ಗೊತ್ತಾಗಿದೆ.

ಇದೇ ಊರುಗಳಲ್ಲಿ ಎದೆಯ ನಡುವೆ ಉದ್ದನೆಯ ಹೊಲಿಗೆಯ ಗುರುತು ಇರುವವರೂ ಕಡಿಮೆಯಿಲ್ಲ. ಹೃದಯದ ಕವಾಟದ (ವಾಲ್ವ್) ಆಪರೇಷನ್ ಆಗಿ ಆರು ತಿಂಗಳು, ವರ್ಷ ಕಳೆದು, ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತಿಲ್ಲ ಎನ್ನುವ ಹೊತ್ತಿಗೆ ಅವರಲ್ಲಿ ಕೆಲವರಿಗಾದರೂ ಒಂದು ಪ್ರಶ್ನೆ ಹುಟ್ಟುತ್ತದೆ: ಮತ್ತೆ ಈಜಬಹುದೇ? ಸಮುದ್ರಕ್ಕೆ ಇಳಿಯಬಹುದೇ? ಈ ಪ್ರಶ್ನೆಗೆ ನಮ್ಮಲ್ಲಿ ಸಿಗುವ ಉತ್ತರ ಎರಡೇ. ಆಸ್ಪತ್ರೆಯಲ್ಲಿ “ಸದ್ಯಕ್ಕೆ ಬ್ಯಾಡ್ರಿ” ಅನ್ನುತ್ತಾರೆ. ಆ ಸಲಹೆ ಎಂದಿಗೆ ಮುಗಿಯಿತು ಎಂದು ಮುಂದೆ ಯಾರೂ ಹೇಳುವುದಿಲ್ಲ. ಗೆಳೆಯರು “ಏನೂ ಆಗಂಗಿಲ್ಲ, ಬಾರೋ” ಅನ್ನುತ್ತಾರೆ. ಎರಡೂ ಉತ್ತರಗಳು ಒಂದು ವಿಷಯವನ್ನು ಕೇಳುವುದೇ ಇಲ್ಲ: ಯಾವ ಕವಾಟ, ಹೇಗೆ ಸರಿಮಾಡಿದ್ದು, ಈಗ ಯಾವ ಮಾತ್ರೆ ನಡೆಯುತ್ತಿದೆ? ನಾನು ಓದಿ ತಿಳಿದಷ್ಟರಲ್ಲಿ, ಇಡೀ ಪ್ರಶ್ನೆ ನಿಂತಿರುವುದೇ ಇದರ ಮೇಲೆ.

ಮೊದಲು ರೋಗದ ಮೂಲ ನೋಡೋಣ. ಪಶ್ಚಿಮದ ದೇಶಗಳಲ್ಲಿ ಕವಾಟದ ತೊಂದರೆ ಎಂದರೆ ಬಹುಪಾಲು ಎಪ್ಪತ್ತು ದಾಟಿದವರ ರೋಗ. ವಯಸ್ಸಾದಂತೆ ಸುಣ್ಣಗಟ್ಟಿ ಗಟ್ಟಿಯಾಗುವ ಅಯೋರ್ಟಿಕ್ ಕವಾಟ. ನಮ್ಮಲ್ಲಿ ಹಾಗಲ್ಲ. ಐದರಿಂದ ಹದಿನೈದರ ವಯಸ್ಸಿನಲ್ಲಿ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಸರಿಯಾಗಿ ಔಷಧ ಆಗದೆ, ಕೆಲವು ವಾರಗಳಲ್ಲಿ ಕೀಲುಗಳು ಊದಿ ಜ್ವರ ಕಾಣಿಸಿಕೊಳ್ಳುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಗುತ್ತದೆ, ಕವಾಟಕ್ಕೆ ತಗುಲಿದ ಪೆಟ್ಟು ಉಳಿಯುತ್ತದೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಲ್ಲಿ ಈ ಸೋಂಕು ಸುಲಭವಾಗಿ ಹರಡುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ಬೆಳೆದ ದಾವಣಗೆರೆಯಂಥ ಊರಿಗೆ ಅಂಥ ಮನೆಗಳು ಹೊಸತಲ್ಲ. ಹುಡುಗಿಗೆ ಹತ್ತನೇ ವಯಸ್ಸಿನಲ್ಲಿ ಬಂದ ಜ್ವರ ಇಪ್ಪತ್ತೈದರಲ್ಲಿ, ಬಸಿರಾದಾಗ, ಉಬ್ಬಸವಾಗಿ ಬಯಲಿಗೆ ಬರುತ್ತದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತೆಗೆದುಕೊಂಡು ಬೆಳೆದವರನ್ನು ನಮ್ಮ ಕಡೆ ಬಹಳ ಜನ ಬಲ್ಲರು. ಆದ್ದರಿಂದ ನಮ್ಮಲ್ಲಿ ಕವಾಟದ ಆಪರೇಷನ್ ಆದವರು ಎಷ್ಟೋ ಸಲ ಮೂವತ್ತು ನಲವತ್ತರವರು. ಮುಂದೆ ದುಡಿಯುವ, ತಿರುಗಾಡುವ, ಈಜುವ ವರ್ಷಗಳು ಬಾಕಿ ಇರುವವರು. ಹೊರದೇಶದ ಪುಸ್ತಕದ ಸಲಹೆಯನ್ನು ಇವರಿಗೆ ಹಾಗೇ ಅಂಟಿಸಲು ಬರುವುದಿಲ್ಲ.

ಆಪರೇಷನ್‌ಗೆ ಇಲ್ಲಿಂದ ಜನ ಬೆಂಗಳೂರಿನ ಜಯದೇವಕ್ಕೆ ಹೋಗುವುದು ಹಳೆಯ ರೂಢಿ. ದಾವಣಗೆರೆಯ ಜಯದೇವ ವೃತ್ತಕ್ಕೂ ಆ ಆಸ್ಪತ್ರೆಗೂ ಇರುವುದು ಚಿತ್ರದುರ್ಗ ಬೃಹನ್ಮಠದ ಒಬ್ಬರೇ ಸ್ವಾಮಿಗಳ ಹೆಸರು. ಈಗ ದಾವಣಗೆರೆಯಲ್ಲೇ ಎಸ್.ಎಸ್. ನಾರಾಯಣ ಹೃದಯ ಕೇಂದ್ರವಿದೆ. 2003ರ ಯಶಸ್ವಿನಿಯಿಂದ ಹಿಡಿದು 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರೆಗೆ ಬಂದ ಯೋಜನೆಗಳಿಂದ ರೈತರ, ಹಮಾಲರ ಮನೆಯವರೂ ಕವಾಟ ಹಾಕಿಸಿಕೊಳ್ಳುವಂತಾಯಿತು. ಕವಾಟವೂ ಎಷ್ಟೋ ಸಲ ನಮ್ಮದೇ ದೇಶದ್ದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಮೂರು ಮಾದರಿ ಕೈಕೊಟ್ಟ ಮೇಲೂ ಬಿಡದೆ ನಾಲ್ಕನೆಯದನ್ನು ಗೆಲ್ಲಿಸಿ, 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಕೂರಿಸಿದರು. ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಇದೇ ವಲಿಯತ್ತಾನ್.

ಈಗ ನೀರಿನ ಕಡೆ ಬರೋಣ. ಆಪರೇಷನ್ ಆದವರ ಮೊದಲ ಭಯ ಸಾಮಾನ್ಯವಾಗಿ ಇದು: ಆಳದ ಒತ್ತಡಕ್ಕೆ ಒಳಗಿನ ವಾಲ್ವ್ ಒಡೆದುಹೋದರೆ? ಈ ಭಯ ಬೇಡ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುವುದು ನಿಜ. ಆದರೆ ಒತ್ತಡಕ್ಕೆ ಕುಗ್ಗುವುದು ಗಾಳಿ. ಲೋಹ, ಪ್ಲಾಸ್ಟಿಕ್, ಅಂಗಾಂಶ, ರಕ್ತ ಕುಗ್ಗುವುದಿಲ್ಲ. ಕವಾಟದೊಳಗೆ ಗಾಳಿ ತುಂಬಿದ ಜಾಗ ಇಲ್ಲವಾದ್ದರಿಂದ ಅದಕ್ಕೆ ಹತ್ತು ಮೀಟರ್ ಆದರೂ ಇಪ್ಪತ್ತಾದರೂ ಒಂದೇ.

ತೊಂದರೆ ಇರುವುದು ಬೇರೆ ಕಡೆ, ಅದೂ ಆಳಕ್ಕೆ ಹೋಗುವ ಮೊದಲೇ. ಹರಿಹರದ ಹೊಳೆದಂಡೆಯಲ್ಲಿ ನಿಂತು ಒಬ್ಬೊಬ್ಬರೇ ನೀರಿಗಿಳಿಯುವುದನ್ನು ಗಮನಿಸಿ. ಮಂಡಿಯ ತನಕ ಮಾತು ನಡೆದಿರುತ್ತದೆ. ಸೊಂಟ ದಾಟುವಾಗ ಮಾತು ಕಡಿಮೆಯಾಗುತ್ತದೆ. ನೀರು ಎದೆಗೆ ಬಂದ ಕೂಡಲೇ ಎಲ್ಲರೂ ಒಮ್ಮೆ ಉಸಿರು ಮೇಲಕ್ಕೆಳೆದುಕೊಂಡು, ಭುಜ ಎತ್ತಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಅದು ಬರೀ ತಣ್ಣಗಿನ ಕಾರಣಕ್ಕಲ್ಲ. ನೀರು ಕಾಲು, ಹೊಟ್ಟೆಗಳನ್ನು ಸುತ್ತಲಿನಿಂದ ಒತ್ತಿದಾಗ ಅಲ್ಲಿನ ರಕ್ತನಾಳಗಳಲ್ಲಿದ್ದ ರಕ್ತ ಎದೆಯ ಕಡೆಗೆ ಸರಿಯುತ್ತದೆ; ದೊಡ್ಡವರಲ್ಲಿ ಇದು ಅರ್ಧ ಲೀಟರಿಗೂ ಹೆಚ್ಚು. ಹೃದಯದ ಕೋಣೆಗಳು ಹಿಗ್ಗುತ್ತವೆ. ಹೆಚ್ಚು ನೀರು ಬಂತೆಂದು ದೇಹಕ್ಕೆ ತೋರುವುದರಿಂದ ಮೂತ್ರ ಹೆಚ್ಚುತ್ತದೆ. ಹೊಳೆಗಿಳಿದ ಸ್ವಲ್ಪ ಹೊತ್ತಿಗೆ ದಂಡೆ ಹತ್ತುವ ಅವಸರ ಯಾಕೆಂದು ಈಗ ಗೊತ್ತಾಗಿರಬೇಕು.

ಆರೋಗ್ಯವಂತ ಹೃದಯ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೈಟ್ರಲ್ ಕವಾಟ ಕಿರಿದಾಗಿದ್ದರೆ ಕತೆ ಬೇರೆ. ನಾಲೆಯಲ್ಲಿ ನೀರು ಏರಿ ತೂಬು ಅರ್ಧವೇ ತೆರೆದಿದ್ದರೆ ನೀರು ಹಿಂದಕ್ಕೆ ಒತ್ತಿ ಏರಿಯ ಮೇಲೆ ಬರುವ ಹಾಗೆ, ಒಮ್ಮೆಲೇ ಬಂದ ರಕ್ತ ಕವಾಟ ದಾಟಲಾರದೆ ಹಿಂದಿನ ಶ್ವಾಸಕೋಶದಲ್ಲಿ ಕಟ್ಟಿಕೊಂಡು ದ್ರವ ಗಾಳಿಗೂಡುಗಳಿಗೆ ಜಿನುಗುತ್ತದೆ. ಕೆಮ್ಮು, ಏದುಸಿರು, ನಸುಗೆಂಪು ನೊರೆ. ನೀರಿನಲ್ಲಿದ್ದಾಗಲೇ ಶ್ವಾಸಕೋಶ ನೀರು ತುಂಬಿಕೊಳ್ಳುವ ಈ ಸ್ಥಿತಿಯನ್ನು ಡೈವಿಂಗ್ ವೈದ್ಯರು ಈಗ ಬಹಳ ಗಂಭೀರವಾಗಿ ನೋಡುತ್ತಾರೆ. ಮುಳುಗಿ ಸತ್ತರೆಂದು ಬರೆದ ಕೆಲವು ಸಾವುಗಳ ಹಿಂದೆ ಇದೇ ಇರಬಹುದು ಎಂಬುದು ಅವರ ಅನುಮಾನ. ನನಗೆ ಹೆಚ್ಚು ಕಳವಳ ಆಗುವುದು ಆಪರೇಷನ್ ಆದವರ ಬಗ್ಗೆಯಲ್ಲ, ಬಾಲ್ಯದ ಜ್ವರದಿಂದ ಕವಾಟ ಕಿರಿದಾಗಿದ್ದೂ ಅದು ಗೊತ್ತೇ ಇಲ್ಲದೆ ಮೊದಲ ಸಲ ಸಿಲಿಂಡರ್ ಕಟ್ಟುವವರ ಬಗ್ಗೆ. ಆಪರೇಷನ್ ಆದವರ ಬಳಿ ಕನಿಷ್ಠ ಎಕೋ ರಿಪೋರ್ಟಾದರೂ ಇರುತ್ತದೆ.

ಇನ್ನು ರಿಪೇರಿಯ ಬಗೆಗಳು. ಎದೆ ಸೀಳದೆ, ತೊಡೆಸಂದಿನ ರಕ್ತನಾಳದಿಂದ ಬಲೂನ್ ಕಳಿಸಿ ಮೈಟ್ರಲ್ ಕವಾಟವನ್ನು ಬಿಡಿಸುವುದು ಜಯದೇವದಲ್ಲಿ ಬಹಳ ದೊಡ್ಡ ಸಂಖ್ಯೆಯಲ್ಲಿ ನಡೆದ ಕೆಲಸ. ಗಾಯದ ಗುರುತಿಲ್ಲ, ಕೆಲವೇ ದಿನದಲ್ಲಿ ಮನೆ. ಹೀಗಾಗಿ “ನಂದು ಆಪರೇಷನ್ ಅಲ್ಲ, ಬರೀ ಬಲೂನು” ಎಂದು ಇದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಸ್ಕೂಬಾ ವಿಷಯದಲ್ಲಿ ಇವರೇ ಎಲ್ಲರಿಗಿಂತ ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು. ಬಲೂನ್ ಎಡಗಡೆಯ ಕೋಣೆಗೆ ಹೋಗಬೇಕಾದರೆ ಬಲ, ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಸಣ್ಣ ರಂಧ್ರ ಮಾಡಿಯೇ ಹೋಗಬೇಕು. ಬಹುತೇಕರಲ್ಲಿ ಅದು ತಿಂಗಳುಗಳಲ್ಲಿ ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಸಿಲಿಂಡರಿನ ಗಾಳಿ ಉಸಿರಾಡುತ್ತಾ ಆಳದಲ್ಲಿದ್ದು ಮೇಲೆ ಬರುವಾಗ ರಕ್ತದಲ್ಲಿ ಕರಗಿದ ಸಾರಜನಕ ಸಣ್ಣ ಗುಳ್ಳೆಗಳಾಗಿ ಬಿಡುತ್ತದೆ. ಶ್ವಾಸಕೋಶ ಅವನ್ನು ಸೋಸಿಬಿಡುತ್ತದೆ. ಗೋಡೆಯಲ್ಲಿ ರಂಧ್ರ ಉಳಿದಿದ್ದರೆ ಗುಳ್ಳೆಗಳು ಸೋಸದೆಯೇ ನೇರವಾಗಿ ಮಿದುಳಿಗೆ, ಬೆನ್ನುಹುರಿಗೆ ಹೋಗುವ ದಾರಿ ತೆರೆದಂತೆ. ಹೊಳೆಯಲ್ಲಿ ಈಜಲು ಈ ರಂಧ್ರ ಅಡ್ಡಿಯಲ್ಲ, ಸಿಲಿಂಡರ್ ಕಟ್ಟಲು ಅಡ್ಡಿ. ಹುಟ್ಟಿನಿಂದಲೇ ಇಂಥ ಸಂದು ಉಳಿದವರು ನಾಲ್ಕು ಜನರಲ್ಲಿ ಒಬ್ಬರಿರುತ್ತಾರೆ. ಅವರೆಲ್ಲ ಡೈವ್ ಮಾಡುವಂತಿಲ್ಲ ಎಂದಲ್ಲ, ಬಲೂನ್ ಆದವರಲ್ಲಿ ಅದನ್ನು ಹುಡುಕಿ ನೋಡದೆ ಇಳಿಯಬಾರದು ಎಂದಷ್ಟೇ.

ಸ್ವಂತ ಕವಾಟವನ್ನೇ ಹೊಲಿದು ಉಂಗುರ ಹಾಕಿ ಸರಿಮಾಡಿದ್ದರೆ, ಅಥವಾ ದನ, ಹಂದಿಯ ಅಂಗಾಂಶದಿಂದ ಮಾಡಿದ ಕವಾಟ ಹಾಕಿದ್ದರೆ, ಸಾಮಾನ್ಯವಾಗಿ ಮೊದಲ ಕೆಲವು ತಿಂಗಳ ನಂತರ ರಕ್ತ ತೆಳುಮಾಡುವ ಬಲವಾದ ಮಾತ್ರೆ ನಿಲ್ಲಿಸಬಹುದು. ಹೃದಯದ ಲಯ ಸರಿಯಿದ್ದು, ಎಕೋದಲ್ಲಿ ಸೋರಿಕೆ ಇಲ್ಲದೆ, ಪಂಪ್ ಮಾಡುವ ಶಕ್ತಿ ಚೆನ್ನಾಗಿದ್ದರೆ ಮತ್ತೆ ಕಡಲಿಗೆ ಇಳಿಯುವ ಅವಕಾಶ ಹೆಚ್ಚಿರುವುದು ಇವರಿಗೇ. ಅಂಗಾಂಶದ ಕವಾಟ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಎಳೆಯರಲ್ಲಿ ಇನ್ನೂ ಬೇಗ. ನಮ್ಮ ಮೂವತ್ತರ ರೋಗಿಗಳಿಗೆ ವೈದ್ಯರು ಲೋಹದ ಕವಾಟವನ್ನೇ ಹೆಚ್ಚಾಗಿ ಆರಿಸಿದ್ದು ಇದಕ್ಕೇ.

ಲೋಹದ ಕವಾಟದ ಮಾತು ಎಂದರೆ ಮಾತ್ರೆಯ ಮಾತು. ರಾತ್ರಿ ಮನೆ ಸದ್ದಡಗಿದ ಮೇಲೆ ಪಕ್ಕದಲ್ಲಿ ಮಲಗಿದವರಿಗೂ ಕೇಳುವ ಸಣ್ಣ ಟಿಕ್ ಟಿಕ್ ಜೊತೆಗೆ ಬದುಕಲು ಇವರು ಕಲಿತಿರುತ್ತಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕವಾಟ ಸಿಕ್ಕಿಕೊಳ್ಳುತ್ತದೆ, ಅಥವಾ ಚೂರು ಕಿತ್ತು ಮಿದುಳಿಗೆ ಹೋಗುತ್ತದೆ. ಆದ್ದರಿಂದ ಜೀವವಿರುವ ತನಕ ವಾರ್ಫರಿನ್ ಅಥವಾ ಅಸಿಟ್ರೋಂ. ಹೊಸ ಕಾಲದ ಮಾತ್ರೆಗಳು ಇವರಿಗೆ ಒಗ್ಗಲಿಲ್ಲ. ಡಾಬಿಗಾಟ್ರಾನ್ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಹೆಪ್ಪೂ ರಕ್ತಸ್ರಾವವೂ ಎರಡೂ ಹೆಚ್ಚಿ ಅದನ್ನು ನಡುವೆಯೇ ನಿಲ್ಲಿಸಿದರು, 2013ರಲ್ಲಿ ವರದಿ ಪ್ರಕಟವಾಯಿತು. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಐಎನ್‌ಆರ್ ಅಂಕಿ ಅಯೋರ್ಟಿಕ್ ಕವಾಟದವರಿಗೆ ಸುಮಾರು 2ರಿಂದ 3, ಮೈಟ್ರಲ್ ಕವಾಟದವರಿಗೆ 2.5ರಿಂದ 3.5ರ ನಡುವೆ ನಿಲ್ಲಬೇಕು. ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ತಗ್ಗುವುದರಿಂದ, ರೊಟ್ಟಿಯ ಜೊತೆ ಹಸಿ ಮೆಂತ್ಯಸೊಪ್ಪು ತಿನ್ನುವ ನಮ್ಮ ಊಟದಲ್ಲಿ ಈ ಅಂಕಿ ಹಿಡಿದಿಡುವುದು ಸುಲಭವಲ್ಲ. ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಬೇಕು.

ಈ ಮಾತ್ರೆ ತೆಗೆದುಕೊಳ್ಳುವವರು ನೀರಿನಡಿ ಹೋದಾಗ ಏನಾಗುತ್ತದೆ? ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕಿವಿ ಒತ್ತುತ್ತದೆ. ಮೂಗು ಹಿಡಿದು ಒಳಗಿಂದ ಊದಿ ಕಿವಿ ಬಿಡಿಸಿಕೊಳ್ಳಬೇಕು. ಹೊಸಬರು ತಡಮಾಡುತ್ತಾರೆ, ಆಮೇಲೆ ಜೋರಾಗಿ ಊದುತ್ತಾರೆ. ಬೇರೆಯವರಿಗೆ ಒಂದೆರಡು ದಿನ ಕಿವಿ ನೋವಾಗಿ ಹೋಗುವ ಪೆಟ್ಟು ಇವರಿಗೆ ನಡುಗಿವಿಯಲ್ಲಿ, ಸೈನಸ್‌ನಲ್ಲಿ ರಕ್ತ ತುಂಬಿಸುತ್ತದೆ. ಒಳಗಿವಿಗೆ ತಾಗಿದರೆ ಕಿವುಡು, ತಲೆಸುತ್ತು ಶಾಶ್ವತವಾಗಬಹುದು. ಗುಳ್ಳೆ ಬೆನ್ನುಹುರಿಗೆ ಪೆಟ್ಟು ಕೊಟ್ಟರೆ ಅಲ್ಲಿಯೂ ರಕ್ತಸ್ರಾವದ ಭಯ. ಹವಳದ ಬಂಡೆ ತರಚುವುದು, ಅಲೆಯಲ್ಲಿ ಬೋಟಿನ ಏಣಿ ತಲೆಗೆ ಬಡಿಯುವುದು ಡೈವಿಂಗ್‌ನಲ್ಲಿ ಮಾಮೂಲಿ. ಅದಕ್ಕೆ ಸೇರಿಸಿ ದೂರದ ಲೆಕ್ಕ ಹಾಕಿ. ನೇತ್ರಾಣಿಯಿಂದ ದಡಕ್ಕೆ ಬರಲು ಬೋಟಿನಲ್ಲಿ ಗಂಟೆಗೂ ಹೆಚ್ಚು. ದಡದಿಂದ ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ, ನೂರು ಕಿಲೋಮೀಟರ್ ಆಸುಪಾಸು. ನಮಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಕೊಡಿ ಎಂದು ಉತ್ತರ ಕನ್ನಡದ ಜನ 2019ರಲ್ಲಿಯೂ 2022ರಲ್ಲಿಯೂ ದೊಡ್ಡ ದನಿಯಲ್ಲಿ ಕೇಳಿದ್ದು ನೆನಪಿರಬಹುದು. ಅಲ್ಲಿ ಊರಿನವರಿಗೇ ಇಲ್ಲದ ಅನುಕೂಲ ಪ್ರವಾಸಿಗೆ ಎಲ್ಲಿಂದ ಬರಬೇಕು?

ಲೋಹದ ಕವಾಟ ಇರುವವರು ಡೈವ್ ಮಾಡಬಹುದೇ ಎಂಬುದರಲ್ಲಿ ಡೈವಿಂಗ್ ವೈದ್ಯರಲ್ಲೇ ಒಮ್ಮತವಿಲ್ಲ. ಹಲವರು ಬೇಡವೇ ಬೇಡ ಅನ್ನುತ್ತಾರೆ. ಇನ್ನು ಕೆಲವರು ಮೊದಲೇ ನುರಿತ ಡೈವರ್ ಆಗಿದ್ದು, ಕಿವಿ ಸುಲಭವಾಗಿ ಬಿಡುತ್ತಿದ್ದು, ಐಎನ್‌ಆರ್ ಸ್ಥಿರವಾಗಿದ್ದು, ಆಳ ಕಡಿಮೆ ಇಟ್ಟುಕೊಳ್ಳುವವರಿಗೆ ಒಬ್ಬೊಬ್ಬರನ್ನೇ ನೋಡಿ ಒಪ್ಪಿಗೆ ಕೊಡುತ್ತಾರೆ. ನನ್ನ ನಿಲುವು ಇದು: ಲೋಹದ ಕವಾಟ ಹಾಕಿಸಿಕೊಂಡ ಮೇಲೆ ಮೊದಲ ಸಲ ಸ್ಕೂಬಾ ಕಲಿಯಲು ಹೊರಡುವುದು ಬೇಡ. ಈಜು ಬೇರೆ ಮಾತು, ಅದಕ್ಕೆ ಮುಂದೆ ಬರುತ್ತೇನೆ.

ಡೈವಿಂಗ್ ಸಂಸ್ಥೆಗಳು ಬಳಸುವ ಆರೋಗ್ಯ ಪ್ರಶ್ನಾವಳಿ 2020ರಲ್ಲಿ ಹೊಸದಾಯಿತು. ಅದರಲ್ಲಿ ಹೃದಯದ ಆಪರೇಷನ್ ಎಂದಷ್ಟೇ ಬಿಡದೆ, ಹೃದಯ ಕವಾಟದ ಆಪರೇಷನ್ ಎಂದು ಬಿಡಿಸಿಯೇ ಕೇಳಿದ್ದಾರೆ. ಹೌದು ಎಂದು ಗುರುತು ಹಾಕಿದರೆ ವೈದ್ಯರ ಸಹಿ ಇಲ್ಲದೆ ನೀರಿಗಿಳಿಸುವಂತಿಲ್ಲ. ಬೋಟ್ ಹೊರಡುವ ಗಡಿಬಿಡಿಯಲ್ಲಿ, ಇಂಗ್ಲಿಷಿನಲ್ಲಿರುವ ಹಾಳೆಗೆ, ಎಲ್ಲದಕ್ಕೂ ಇಲ್ಲ ಎಂದು ಗೀಟೆಳೆದು ಕೊಡುವುದು ಬಹಳ ಸುಲಭ. ಕೊಟ್ಟ ದುಡ್ಡು, ಬಂದ ದೂರ, ಗೆಳೆಯರ ಮುಂದಿನ ನಾಚಿಕೆ, ಎಲ್ಲವೂ ಆ ಗೀಟಿನ ಕಡೆಗೇ ಎಳೆಯುತ್ತವೆ. ಆದರೆ ಆ ಹಾಳೆಯ ಹಿಂದೆ ಸಾವುಗಳ ಲೆಕ್ಕವಿದೆ. 1992ರಿಂದ 2003ರವರೆಗಿನ 947 ಹವ್ಯಾಸಿ ಡೈವಿಂಗ್ ಸಾವುಗಳನ್ನು ಅಮೆರಿಕದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ತಂಡ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿತು. ಕಾರಣ ಪತ್ತೆಯಾದವುಗಳಲ್ಲಿ ಶೇ. 26ರಲ್ಲಿ ಡೈವರ್‌ನನ್ನು ಕೆಡವಿದ್ದು ಹೃದಯ. ಅವರಲ್ಲಿ ಮೊದಲೇ ಹೃದ್ರೋಗವಿದ್ದವರು, ನಲವತ್ತು ದಾಟಿದವರು ಹೆಚ್ಚು.

ಸಹಿ ಹಾಕುವ ವೈದ್ಯರು ಏನು ನೋಡಬೇಕು? ಮಲಗಿಸಿ ತೆಗೆದ ಎಕೋ ಮತ್ತು ಇಸಿಜಿ ಸಾಲದು. ಟ್ರೆಡ್‌ಮಿಲ್ ಮೇಲೆ ಹತ್ತಿಸಬೇಕು. ಎದುರು ಸೆಳೆತ ಬಂದಾಗ ಕಾಲಾಡಿಸಿ ಬೋಟ್ ಮುಟ್ಟುವ ಕಸುವು ಇದೆಯೇ ಎಂಬುದೇ ಪ್ರಶ್ನೆ. ನಮ್ಮ ಆಸ್ಪತ್ರೆಗಳಲ್ಲಿ ಮಾಡುವ ಬ್ರೂಸ್ ವಿಧಾನದಲ್ಲಿ ಮೂರನೇ ಹಂತ, ಅಂದರೆ ಒಂಬತ್ತು ನಿಮಿಷ, ಎದೆನೋವು, ಲಯತಪ್ಪುವಿಕೆ ಇಲ್ಲದೆ ಮುಗಿಸಿದರೆ ದೇಹ ವಿಶ್ರಾಂತಿಯ ಹತ್ತು ಪಟ್ಟು ದುಡಿಯಿತು ಎಂದರ್ಥ. ಅಷ್ಟು ಇದ್ದರೆ ಒಳ್ಳೆಯದು. ಬೀಟಾ ಬ್ಲಾಕರ್ ಮಾತ್ರೆ ನಡೆಯುತ್ತಿದ್ದರೆ ನಾಡಿ ಒಂದು ಮಿತಿ ದಾಟಿ ಏರುವುದಿಲ್ಲ, ಅದನ್ನೂ ಲೆಕ್ಕ ಹಿಡಿಯಬೇಕು. ಎದೆ ತೆರೆದಾಗ ಶ್ವಾಸಕೋಶದ ಪೊರೆಗೆ ಕತ್ತರಿ ತಾಗಿತ್ತೇ, ಆಮೇಲೆ ಎಲ್ಲಾದರೂ ಗಾಳಿ ಸಿಕ್ಕಿಕೊಳ್ಳುವಂಥ ಗಾಯ ಉಳಿದಿದೆಯೇ ಎಂದು ನೋಡಬೇಕು. ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಶ್ವಾಸಕೋಶ ಹರಿಯುತ್ತದೆ. ತಂತಿಯಿಂದ ಬಿಗಿದ ಎದೆಮೂಳೆ ಎರಡು ಮೂರು ತಿಂಗಳಲ್ಲಿ ಕೂಡುತ್ತದೆ. ಅದು ಕೂಡಿತೆಂದ ಮಾತ್ರಕ್ಕೆ ಹದಿನೈದು ಕಿಲೋ ಸಿಲಿಂಡರ್ ಬೆನ್ನಿಗೇರಿಸಿ ಏಣಿ ಹತ್ತಬಹುದು ಎಂದಲ್ಲ.

ಸಮುದ್ರ ಬಿಟ್ಟು ಈಜಿಗೆ ಬಂದರೆ ನನ್ನ ಮಾತು ಬೇರೆ. ಕವಾಟ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ, ಲೋಹದ್ದೇ ಆಗಿರಲಿ, ಈಜುಕೊಳದಲ್ಲಿ ಏದುಸಿರು ಬರದ ಗತಿಯಲ್ಲಿ ಈಜುವುದನ್ನು ತಡೆಯಲು ಕಾರಣ ಕಾಣೆ. ಮೈಗೆ ಮೈ ಡಿಕ್ಕಿಯಾಗುವ ಕಬಡ್ಡಿ, ಕುಸ್ತಿಗಳೇ ರಕ್ತ ತೆಳುಮಾಡುವ ಮಾತ್ರೆಯವರಿಗೆ ಬೇಡವಾದವು. ಹೊಳೆ, ನಾಲೆಗಳನ್ನು ಮಾತ್ರ ಈಜುಕೊಳದ ಸಾಲಿಗೆ ಸೇರಿಸಲಾರೆ. ಮರಳು ತೆಗೆದ ಗುಂಡಿಗಳಿಂದ ತುಂಗಭದ್ರೆಯ ತಳ ಈಗ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ನಾಲೆಗೆ ನೀರು ಬಿಟ್ಟಾಗ ಅದರ ಸೆಳೆತಕ್ಕೆ ಗಟ್ಟಿಮುಟ್ಟಾದ ಯುವಕರೇ ಕೊಚ್ಚಿಹೋಗಿದ್ದಾರೆ. ಇನ್ನೊಂದು ಕಾರಣ ನೀರಿನದೇ. ಎದುರು ದಡದ ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ 1980ರ ದಶಕದಲ್ಲಿ ಹೋರಾಟಕ್ಕಿಳಿದಾಗಿನಿಂದಲೂ ಹೊಳೆಯ ಶುದ್ಧಿಯ ಮಾತು ಇಲ್ಲಿ ನಡೆದೇ ಇದೆ. ಊರ ಚರಂಡಿಗಳ ಪಾಲು ಬೇರೆ. ಕೃತಕ ಕವಾಟಕ್ಕೆ ಬ್ಯಾಕ್ಟೀರಿಯಾ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ, ಎಷ್ಟೋ ಸಲ ಮತ್ತೆ ಆಪರೇಷನ್. ಕಾಲಲ್ಲಿ ಒಡಕು, ಕಜ್ಜಿ, ಕಿವಿ ಸೋರಿಕೆ ಇದ್ದಾಗ ಹೊಳೆಗೆ ಇಳಿಯಬೇಡಿ. ಹಲ್ಲಿನ ಬುಡವನ್ನೂ ನೋಡಿಕೊಳ್ಳಿ. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರುವುದು ಹೊಳೆಗಿಂತ ಹೆಚ್ಚಾಗಿ ಬಾಯಿಯಿಂದ. ಕಾರಣ ತಿಳಿಯದ ಜ್ವರ ಮೂರು ದಿನ ನಿಂತರೆ ಮೆಡಿಕಲ್ ಶಾಪಿನಲ್ಲಿ ಆಂಟಿಬಯಾಟಿಕ್ ಕೊಂಡು ನುಂಗದೆ, ಮೊದಲು ರಕ್ತದ ಕಲ್ಚರ್‌ಗೆ ಕೊಡಿ.

ನಮ್ಮ ವ್ಯವಸ್ಥೆಯ ಮೇಲೆ ನನ್ನ ತಕರಾರು ಒಂದೇ. ಲಕ್ಷಗಟ್ಟಲೆ ಖರ್ಚಿನ ಆಪರೇಷನ್ನನ್ನು ಬಡವರಿಗೂ ಮುಟ್ಟಿಸಿದ ನಾವು, ಅದಾದ ಮೇಲೆ ಹಂತಹಂತವಾಗಿ ನಡೆಸಿ, ಓಡಿಸಿ, ಬದುಕಿಗೆ ಮರಳಿಸುವ ಕೆಲಸವನ್ನು ಮಾತ್ರ ಹೊರರೋಗಿ ವಿಭಾಗದ ಸಾಲಿನಲ್ಲಿ ಸಿಗುವ ಎರಡು ನಿಮಿಷಕ್ಕೆ ಬಿಟ್ಟಿದ್ದೇವೆ. ಆ ಎರಡು ನಿಮಿಷದಲ್ಲಿ ನೀರಿನ ಮಾತೆತ್ತಲು ರೋಗಿಗೂ ಸಂಕೋಚ. ಸಂಕೋಚ ಬೇಡ. ಡಿಸ್ಚಾರ್ಜ್ ಹಾಳೆ, ಕಳೆದ ಆರು ತಿಂಗಳ ಐಎನ್‌ಆರ್ ಪುಸ್ತಕ, ಇತ್ತೀಚಿನ ಎಕೋ ಮತ್ತು ಆ ಡೈವಿಂಗ್ ಪ್ರಶ್ನಾವಳಿ, ಇಷ್ಟನ್ನು ಮೇಜಿನ ಮೇಲಿಟ್ಟು, ಹೊಳೆಯೋ ಈಜುಕೊಳವೋ ಸಿಲಿಂಡರ್ ಕಟ್ಟುವುದೋ ಎಂದು ಬಿಡಿಸಿ ಕೇಳಿ. ಪ್ರಶ್ನೆ ಬಿಡಿಸಿ ಕೇಳಿದವರಿಗೆ ಉತ್ತರವೂ ಬಿಡಿಸಿಯೇ ಸಿಗುತ್ತದೆ.

ಒಪ್ಪಿಗೆ ಸಿಕ್ಕಿ ಹೋಗಿಯೇ ಬರುವವರಿಗೆ ವಾಪಸ್ ಬರುವ ದಾರಿಯ ಒಂದು ಮಾತು ಬಾಕಿ ಇದೆ, ಕವಾಟದವರಿಗಷ್ಟೇ ಅಲ್ಲ, ಎಲ್ಲರಿಗೂ. ಡೈವ್ ಆದ ಮೇಲೆ ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ತಗ್ಗಿ ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಯಾಗುವುದು ಹೆಚ್ಚುತ್ತದೆ. ವಿಮಾನ ಹತ್ತುವವರಿಗೆ ಒಂದು ಡೈವ್ ಆದರೆ 12 ಗಂಟೆ, ಹೆಚ್ಚು ಆದರೆ 18 ಗಂಟೆ ಕಾಯಿರಿ ಎಂಬ ನಿಯಮವಿದೆ. ಅದು ಅನ್ವಯವಾಗುವುದು ಸುಮಾರು 600 ಮೀಟರ್ ಮೇಲಿನ ಎತ್ತರಕ್ಕೆ. ದಾವಣಗೆರೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ, ಗೆರಸೊಪ್ಪ ಘಾಟಿ ಹತ್ತಿದರೆ ಸಾಗರದ ಸೀಮೆಯೂ ಹೆಚ್ಚುಕಡಿಮೆ ಅಷ್ಟೇ. ಗೆರೆಯ ಮೇಲೆಯೇ ನಿಂತ ಊರು ನಮ್ಮದು. ಮಧ್ಯಾಹ್ನ ಕಡಲಿಂದ ಎದ್ದು ಸಂಜೆಯೇ ಘಾಟಿ ಹತ್ತುವ ಬದಲು ಆ ರಾತ್ರಿ ಮುರುಡೇಶ್ವರದಲ್ಲೋ ಹೊನ್ನಾವರದಲ್ಲೋ ಉಳಿದು, ಚೆನ್ನಾಗಿ ನೀರು ಕುಡಿದು, ಮಾತ್ರೆಯ ಹೊತ್ತು ತಪ್ಪಿಸದೆ, ಕಿವಿ ನೋವೆಂದು ನೋವಿನ ಮಾತ್ರೆ ನುಂಗದೆ, ಮರುದಿನ ಬೆಳಿಗ್ಗೆ ಹೊರಡಿ.